ರಸ್ತೆ ಅಗೆದವರು ಯಾರು, ಮುಚ್ಚಬೇಕಾದವರು ಯಾರು?

ಪ್ರಶ್ನೆ (2025ರ ಡಿಸೆಂಬರ್‌ನಲ್ಲಿ ಬಂದದ್ದು): ಸರ್, ನಮಸ್ಕಾರ. ನಮ್ಮದು ಬೆಂಗಳೂರಿನ ಅಂಚಿನ ಒಂದು ರೆವಿನ್ಯೂ ಬಡಾವಣೆ. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಲ್ಲಿ ನಮ್ಮದೂ ಒಂದು. ನಮ್ಮ ಕ್ರಾಸ್‌ನಲ್ಲಿ ಸುಮಾರು ಅರವತ್ತು ಮನೆ. ಹೋದ ವರ್ಷ ನವೆಂಬರ್‌ನಲ್ಲಿ ಯಾರೋ ಜೆಸಿಬಿ ತಂದು ರಸ್ತೆಯ ಎರಡೂ ಬದಿ ಅಗೆದು, ಪೈಪ್ ಹಾಕಿ, ಮೇಲೆ ಮಣ್ಣು ಎಳೆದು ಹೋದರು. ಈ ಮಳೆಗಾಲದಲ್ಲಿ ಒಂದು ಬದಿ ಮೊಣಕಾಲುದ್ದ ಕುಸಿಯಿತು. ಸ್ಕೂಲ್ ವ್ಯಾನ್ ಒಳಗೆ ಬರಲ್ಲ. ನಮ್ಮ ಮಾವ ಸ್ಕೂಟರಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡರು. ವಾರ್ಡ್ ಆಫೀಸಿನಲ್ಲಿ ಕೇಳಿದರೆ ‘ನೀರಿನವರನ್ನು ಕೇಳಿ’ ಅಂತಾರೆ. ಅಲ್ಲಿ ಕೇಳಿದರೆ ‘ರಸ್ತೆ ಪಾಲಿಕೆಯದು’ ಅಂತಾರೆ. ಶಾಸಕರ ಕಚೇರಿಯಲ್ಲಿ ‘ಎಲೆಕ್ಷನ್ ಆಗಲಿ’ ಅಂದರು. ಕಾರ್ಪೊರೇಟರ್ ಇಲ್ಲದೆ ಐದು ವರ್ಷ ಆಯಿತು. ಈಗ ಐದು ಪಾಲಿಕೆ ಬೇರೆ ಮಾಡಿದ್ದಾರೆ. ‘ನಿಮ್ಮದು ಬಿ ಖಾತಾ, ರಸ್ತೆ ಕೇಳುವ ಹಕ್ಕೇ ಇಲ್ಲ’ ಅಂತ ಒಬ್ಬರು ಹೆದರಿಸಿದರು. ನಮ್ಮ ಸಂಘದಲ್ಲಿ ಮನೆಗೆ 15,000 ಹಾಕಿ ನಾವೇ ಕಾಂಕ್ರೀಟ್ ಹಾಕಿಸೋಣ ಅಂತ ಅರ್ಧ ಜನ, ತೆರಿಗೆ ಕಟ್ಟೋದೇ ಬೇಡ ಅಂತ ಇನ್ನರ್ಧ ಜನ. ನಾವು ಯಾರನ್ನು ಹಿಡಿಯಬೇಕು? ಏನು ಮಾಡಬೇಕು?

ಉತ್ತರ:

ಮೇಡಂ, ಗುಂಡಿಗಿಂತ ಜಾಸ್ತಿ ನಿಮಗೆ ಸಿಟ್ಟು ಬರಿಸಿರುವುದು ಈ ಮೇಜಿನಿಂದ ಆ ಮೇಜಿಗೆ ಓಡಾಡಿಸಿದ್ದು ಅಂತ ಪತ್ರ ಓದಿದರೆ ಗೊತ್ತಾಗುತ್ತದೆ. ಆ ಮೇಜಿನ ಆಚೆ ಬದಿಯಲ್ಲಿ ನಾನು ಮೂವತ್ತು ವರ್ಷ ಎಂಜಿನಿಯರ್ ಆಗಿ ಕೂತಿದ್ದವನು. ‘ಅದು ನಮಗೆ ಬರಲ್ಲ ಮೇಡಂ’ ಅಂತ ನಾನೂ ಹೇಳಿದ್ದೇನೆ, ಎಷ್ಟು ಸಲ ಅಂತ ಲೆಕ್ಕ ಇಟ್ಟಿಲ್ಲ. ಆ ಮಾತು ಪೂರ್ತಿ ಸುಳ್ಳಲ್ಲ. ಅದಕ್ಕೇ ಅದು ಅಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ.

ಒಂದು ಬೀದಿಯನ್ನು ಮೇಲಿಂದ ಕೆಳಗೆ ಸೀಳಿ ನೋಡಿ. ಮೇಲಿನ ಡಾಂಬರು, ಅದರ ಕೆಳಗಿನ ಜಲ್ಲಿ, ಬದಿಯ ಮಳೆನೀರಿನ ಚರಂಡಿ, ಫುಟ್‌ಪಾತ್, ಬೀದಿದೀಪ, ಇವು ಪಾಲಿಕೆಯವು. ಕುಡಿಯುವ ನೀರಿನ ಪೈಪ್ ಮತ್ತು ಒಳಚರಂಡಿ ಜಲಮಂಡಳಿಯದು. ಅದು 1964ರ ಕಾಯ್ದೆಯಿಂದ ಹುಟ್ಟಿದ ರಾಜ್ಯ ಸರ್ಕಾರದ ಮಂಡಳಿ, ಪಾಲಿಕೆಯ ಕೈಕೆಳಗೆ ಯಾವತ್ತೂ ಇರಲಿಲ್ಲ. ಕಂಬ, ಕೇಬಲ್, ಟ್ರಾನ್ಸ್‌ಫಾರ್ಮರ್ ಬೆಸ್ಕಾಂದು. ಇಂಟರ್‌ನೆಟ್ ಕೇಬಲ್ ಮತ್ತು ಗ್ಯಾಸ್ ಪೈಪ್ ಆಯಾ ಕಂಪನಿಗಳದು. ಎಲ್ಲರೂ ಒಂದೇ ರಸ್ತೆಯೊಳಗೆ ಬಾಡಿಗೆ ಇಲ್ಲದೆ ಸಂಸಾರ ಮಾಡುತ್ತಾರೆ. ಮಾತುಕತೆ ಮಾತ್ರ ಇಲ್ಲ.

ಹಾಗಾಗಿ ‘ಅಗೆದವರು ನಾವಲ್ಲ’ ಅನ್ನುವುದು ನಿಜ ಇರಬಹುದು. ಆದರೆ ರಸ್ತೆಯ ಯಜಮಾನ ಒಬ್ಬನೇ. ಯಾರು ಅಗೆಯಬೇಕಾದರೂ ಪಾಲಿಕೆಯ ಅನುಮತಿ ಬೇಕು. ರಸ್ತೆ ಅಗೆತದ ಅನುಮತಿಗೆ ಮಾರ್ಕ್ಸ್ ಅಂತ ಒಂದು ಆನ್‌ಲೈನ್ ವ್ಯವಸ್ಥೆಯನ್ನೇ ಮಾಡಿದ್ದಾರೆ. (ಕಾರ್ಲ್ ಮಾರ್ಕ್ಸ್‌ಗೂ ಅದಕ್ಕೂ ಸಂಬಂಧ ಇಲ್ಲ, ಆದರೂ ಆ ಹೆಸರು ಕೇಳಿದಾಗೆಲ್ಲ ನಮ್ಮ ಆಫೀಸಿನಲ್ಲಿ ಒಬ್ಬರಾದರೂ ನಗುತ್ತಿದ್ದರು.) ಅನುಮತಿ ಪತ್ರದಲ್ಲಿ ಎಷ್ಟು ಉದ್ದ, ಎಷ್ಟು ಅಗಲ, ಯಾವ ತಾರೀಕಿನೊಳಗೆ ಮುಚ್ಚಬೇಕು, ರಸ್ತೆಯನ್ನು ಮೊದಲಿನಂತೆ ಮಾಡುವ ಖರ್ಚು ಯಾರದು ಅಂತ ಬರೆದಿರುತ್ತದೆ. ಅಗೆಯುವವರು ಒಂದೋ ಆ ಖರ್ಚನ್ನು ಮುಂಚೆಯೇ ಪಾಲಿಕೆಗೆ ಕಟ್ಟಿರುತ್ತಾರೆ, ಇಲ್ಲವೇ ತಾವೇ ರಸ್ತೆ ಸರಿ ಮಾಡಿಕೊಡುತ್ತೇವೆ ಅಂತ ಒಪ್ಪಿಕೊಂಡಿರುತ್ತಾರೆ. ಮೊದಲನೆಯದಾಗಿದ್ದರೆ ದುಡ್ಡು ಪಾಲಿಕೆಯಲ್ಲಿ ಕೂತಿದೆ. ಎರಡನೆಯದಾಗಿದ್ದರೆ ಗುತ್ತಿಗೆದಾರನ ಬಿಲ್ ಅಥವಾ ಠೇವಣಿ ಎಲ್ಲೋ ತಡೆದಿರಬೇಕು. ಎರಡೂ ಅಲ್ಲದಿದ್ದರೆ ಅನುಮತಿಯೇ ಇಲ್ಲದೆ ಅಗೆದಿದ್ದಾರೆ ಅಂತ ಅರ್ಥ. ಆಗ ರಸ್ತೆ ಕಾಯಬೇಕಾದ ಎಂಜಿನಿಯರ್ ಉತ್ತರ ಹೇಳಬೇಕು. ಮೂರರಲ್ಲಿ ಯಾವುದೇ ಆಗಲಿ, ಒಂದು ಕಾಗದ ಇರಲೇಬೇಕು, ಅಥವಾ ಕಾಗದ ಇಲ್ಲ ಅನ್ನುವ ಉತ್ತರ ಇರಬೇಕು. ಇಷ್ಟು ದಿನ ನೀವು ಮನುಷ್ಯರನ್ನು ಹುಡುಕಿಕೊಂಡು ಹೋದಿರಿ. ಮನುಷ್ಯರು ವರ್ಗ ಆಗುತ್ತಾರೆ, ರಜೆ ಹಾಕುತ್ತಾರೆ, ಮೀಟಿಂಗ್‌ಗೆ ಹೋಗಿರುತ್ತಾರೆ. ಮೊದಲು ಆ ಕಾಗದ ಹುಡುಕಿ.

ನಿಮ್ಮ ಬೀದಿ ಅಗೆದವರು ಯಾರು ಅಂತ ಇಲ್ಲಿ ಕೂತು ನಾನು ಹೇಳಲಾರೆ. ಆದರೆ ಕುಸಿದ ಕಡೆ ಬಗ್ಗಿ ನೋಡಿದರೆ ನಿಮಗೇ ಗೊತ್ತಾಗುತ್ತದೆ. ಹೊರಗೆ ಕಪ್ಪು ಬಣ್ಣ, ಒಳಗೆ ಬೂದು ಸಿಮೆಂಟ್ ಬಳಿದ ದಪ್ಪ ಕಬ್ಬಿಣದ ಪೈಪ್ ಕಂಡರೆ ಅದು ನೀರಿನ ಲೈನ್. ಅದರಿಂದ ಮನೆಗಳ ಕಡೆ ಸಣ್ಣ ನೀಲಿ ಪೈಪ್ ಹೊರಟಿರುತ್ತದೆ. ಕಂದು ಬಣ್ಣದ, ನುಣುಪು ಹೊಳಪಿನ ಮಣ್ಣಿನ ಪೈಪ್ ಅಥವಾ ಏರಿಳಿತದ ಬಳೆ ಬಳೆಯಂಥ ದಪ್ಪ ಪ್ಲಾಸ್ಟಿಕ್ ಪೈಪ್ ಇದ್ದು, ಒಂದಷ್ಟು ದೂರಕ್ಕೊಂದು ದುಂಡನೆ ಮುಚ್ಚಳದ ಚೇಂಬರ್ ಬಂದಿದ್ದರೆ ಅದು ಒಳಚರಂಡಿ. ಸಣ್ಣ ಬಣ್ಣದ ಕೊಳವೆಗಳ ಗೊಂಚಲು, ಚೌಕಾಕಾರದ ಪುಟ್ಟ ಚೇಂಬರ್ ಇದ್ದರೆ ಇಂಟರ್‌ನೆಟ್ ಕೇಬಲ್. ಮೇಲೆ ಇಟ್ಟಿಗೆ ಇಲ್ಲವೇ ಹಾಸು ಮುಚ್ಚಿದ ದಪ್ಪ ಕಪ್ಪು ಕೇಬಲ್ ಕಂಡರೆ ದಯವಿಟ್ಟು ಕೋಲು ಹಾಕಬೇಡಿ, ಅದು ಕರೆಂಟಿನದು. ಬಣ್ಣ ಒಂದನ್ನೇ ನಂಬಬೇಡಿ. ಪೈಪಿನ ಮೈಮೇಲೆ, ಮೇಲಿನ ಎಚ್ಚರಿಕೆ ಪಟ್ಟಿಯ ಮೇಲೆ ಅಕ್ಷರ ಇರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಓದಿ.

ಎರಡೂ ಬದಿ ಅಗೆದಿದ್ದಾರೆ ಅಂದಿರಲ್ಲ, ಅದು ನೀರು ಮತ್ತು ಒಳಚರಂಡಿ ಎರಡೂ ಇರುವ ಲಕ್ಷಣ. ಇವೆರಡನ್ನೂ ದೂರ ದೂರ ಹಾಕುವುದು ರೂಢಿ, ಒಂದು ಸೋರಿದರೆ ಇನ್ನೊಂದಕ್ಕೆ ಸೇರಬಾರದು ಅಂತ. ನಿಮ್ಮಂಥ 110 ಹಳ್ಳಿಗಳಿಗೆ ಅಂತಲೇ ಕಾವೇರಿ ಐದನೇ ಹಂತ ಮಾಡಿದ್ದು, ದಿನಕ್ಕೆ 775 ದಶಲಕ್ಷ ಲೀಟರ್. 2024ರ ಅಕ್ಟೋಬರ್ 16ರಂದು ಅದು ಉದ್ಘಾಟನೆ ಆಯಿತು. ದೊಡ್ಡ ಕೊಳವೆಯಲ್ಲಿ ನೀರು ಊರಿನ ಅಂಚಿಗೆ ಬಂದರೆ ಸಾಲದು, ಪ್ರತಿ ಕ್ರಾಸ್‌ಗೂ ಪೈಪ್ ಬೇಕಲ್ವಾ. ಹಾಗಂತ ನಿಮ್ಮ ಬೀದಿಯದೂ ಅದೇ ಅಂತ ಊಹಿಸಿ ಅರ್ಜಿ ಬರೆಯಬೇಡಿ. ನೋಡಿ ಬರೆಯಿರಿ.

ಇನ್ನು ಕುಸಿದದ್ದು ಯಾಕೆ? ಇದು ನನ್ನ ಕಸುಬಿನ ವಿಷಯ, ಸ್ವಲ್ಪ ಎಳೆದು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಪೈಪ್ ಇಟ್ಟ ಮೇಲೆ ಅದರ ಸುತ್ತ ಮೆತ್ತಗಿನ ಮರಳು ಅಥವಾ ಜರಡಿ ಹಿಡಿದ ಮಣ್ಣು ತುಂಬಬೇಕು. ಆಮೇಲೆ ಅರ್ಧ ಅಡಿ ಮಣ್ಣು ಹಾಕು, ನೀರು ಚಿಮುಕಿಸು, ಯಂತ್ರದಲ್ಲಿ ಗುದ್ದು. ಮತ್ತೆ ಅರ್ಧ ಅಡಿ. ನಾಲ್ಕು ಅಡಿ ಕಂದಕಕ್ಕೆ ಎಂಟು ಸಲ ಹೀಗೆ ಮಾಡಬೇಕು. ಅದರ ಮೇಲೆ ಜಲ್ಲಿಯ ಪದರ, ಆಮೇಲೆ ಡಾಂಬರು. ಜೆಸಿಬಿಯ ಬಾಡಿಗೆ ಗಂಟೆ ಲೆಕ್ಕ. ಎಂಟು ಸಲ ಗುದ್ದುವ ಕೆಲಸವನ್ನು ಬಕೆಟ್ಟಿನಲ್ಲಿ ಮಣ್ಣು ಎಳೆದು ಒಂದೇ ಏಟಿಗೆ ಮುಗಿಸಿದರೆ ಅರ್ಧ ದಿನ ಉಳಿಯುತ್ತದೆ. ಅವತ್ತು ನೋಡಿದರೆ ಮಣ್ಣು ರಸ್ತೆಗಿಂತ ಒಂದು ಗೇಣು ಎತ್ತರಕ್ಕೇ ನಿಂತಿರುತ್ತದೆ, ಚೆನ್ನಾಗೇ ಕಾಣುತ್ತದೆ. ಒಳಗೆಲ್ಲ ಪೊಳ್ಳು. ಮೊದಲ ದೊಡ್ಡ ಮಳೆ ಬಂದಾಗ ನೀರು ಕಂದಕದ ಉದ್ದಕ್ಕೂ ಒಳಗೊಳಗೇ ಹರಿದು ಮಣ್ಣನ್ನು ತೊಳೆದುಕೊಂಡು ಹೋಗುತ್ತದೆ. ಮೇಲಿನದು ದೊಪ್ಪನೆ ಕೂರುತ್ತದೆ. ಒಂದೇ ಬದಿ ಕುಸಿದಿದೆ ಅಂದಿರಿ. ಕುಸಿದದ್ದು ರಸ್ತೆಯ ತಗ್ಗಿನ ಬದಿ ಇರಬೇಕು, ಅಥವಾ ಆಳ ಜಾಸ್ತಿ ಇರುವ ಒಳಚರಂಡಿಯ ಬದಿ ಇರಬೇಕು.

ಇನ್ನೊಂದು ಕಾರಣವೂ ಇರಬಹುದು, ಅದು ಅಷ್ಟು ಕೆಟ್ಟದ್ದಲ್ಲ. ಪೈಪ್ ಹಾಕಿದ ಮೇಲೆ ಒತ್ತಡ ಕೊಟ್ಟು ಸೋರುತ್ತದೆಯಾ ಅಂತ ಪರೀಕ್ಷೆ ಮಾಡಬೇಕು. ಆಮೇಲೆ ಮನೆ ಮನೆಗೆ ಸಂಪರ್ಕ ಕೊಡಬೇಕು. ಅದೆಲ್ಲ ಮುಗಿಯುವ ಮುಂಚೆ ಡಾಂಬರು ಹಾಕಿದರೆ ಅರವತ್ತು ಮನೆಯವರೂ ಅರವತ್ತು ಸಲ ಕೊಯ್ಯುತ್ತಾರೆ. ಹಾಗಾಗಿ ‘ರಸ್ತೆ ಈಗಲೇ ಹಾಕಲ್ಲ’ ಅನ್ನುವ ಎಂಜಿನಿಯರ್ ಸರಿಯಾಗಿಯೇ ಹೇಳುತ್ತಿರಬಹುದು. ಆದರೆ ರಸ್ತೆ ಹಾಕದೆ ಇರುವುದಕ್ಕೂ ಕಂದಕ ಗುದ್ದದೆ ಇರುವುದಕ್ಕೂ ವ್ಯತ್ಯಾಸ ಇದೆ. ಡಾಂಬರು ಕಾಯಬಹುದು. ಮಣ್ಣು ಗುದ್ದಿ ಜಲ್ಲಿ ಹಾಕಿ ಓಡಾಡುವ ಹಾಗೆ ಮಾಡುವುದು ಒಂದು ದಿನವೂ ಕಾಯಬಾರದು. ನಿಮ್ಮ ಬೇಡಿಕೆಯನ್ನು ಹೀಗೆ ಎರಡು ಭಾಗ ಮಾಡಿ ಕೇಳಿ. ‘ರಸ್ತೆ ಮಾಡಿಕೊಡಿ’ ಅಂದರೆ ಎಸ್ಟಿಮೇಟ್, ಟೆಂಡರ್ ಅಂತ ಕತೆ ಶುರುವಾಗುತ್ತದೆ. ‘ಕಂದಕ ಮುಚ್ಚಿಕೊಡಿ’ ಅಂದರೆ ಅದಕ್ಕೆ ಹೊಸ ಟೆಂಡರ್ ಬೇಕಾಗಿಲ್ಲ, ಹಳೇ ಗುತ್ತಿಗೆಯೊಳಗೇ ಅದು ಇರುತ್ತದೆ.

ಈಗ ನಿಮಗೆ ಜನ ಹೇಳಿರುವ ಮಾತುಗಳಿಗೆ ಬರೋಣ.

‘ಕಾರ್ಪೊರೇಟರ್ ಇಲ್ಲ, ಅದಕ್ಕೇ ಕೆಲಸ ಆಗಲ್ಲ.’ ಅರ್ಧ ನಿಜ. ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. ಆ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಅವಧಿ ಮುಗಿಯುವುದರೊಳಗೆ ಚುನಾವಣೆ ಆಗಬೇಕು ಅಂತ ಸಂವಿಧಾನವೇ ಹೇಳುತ್ತದೆ. ಆದರೂ 198 ಇದ್ದ ವಾರ್ಡ್ 243 ಆಯಿತು, ಆಮೇಲೆ 225 ಆಯಿತು, ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಯಿತು, ಯಾವ ಪಕ್ಷದ ಸರ್ಕಾರ ಬಂದರೂ ಚುನಾವಣೆ ಮಾತ್ರ ಬರಲಿಲ್ಲ. ಕಾರ್ಪೊರೇಟರ್ ಇಲ್ಲದ್ದರಿಂದ ನಿಜವಾಗಿ ಕಳೆದುಹೋದದ್ದು ಒಂದು ಸಣ್ಣ ವಿಷಯ. ಬೆಳಿಗ್ಗೆ ಮನೆ ಬಾಗಿಲಿಗೆ ಹೋಗಿ ಬೈದು ಬರಬಹುದಾದ ಒಬ್ಬ ಮನುಷ್ಯ. ಆ ಮನುಷ್ಯ ಎಂಜಿನಿಯರಿಗೆ ಫೋನ್ ಮಾಡಿ ‘ಏನ್ರೀ, ಎರಡನೇ ಕ್ರಾಸ್ ಏನಾಯ್ತು’ ಅಂತ ಕೇಳುತ್ತಿದ್ದ. ಆ ಫೋನ್ ನಿಂತ ಮೇಲೆ ನಮ್ಮ ಆಫೀಸುಗಳಲ್ಲಿ ಆದ ಬದಲಾವಣೆ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಆದರೆ ವಾರ್ಡಿನ ಸಹಾಯಕ ಎಂಜಿನಿಯರ್ (ಎಇ), ಅವರ ಮೇಲಿನ ಸಹಾಯಕ ಕಾರ್ಯಪಾಲಕ ಎಂಜಿನಿಯರ್ (ಎಇಇ), ಕಾರ್ಯಪಾಲಕ ಎಂಜಿನಿಯರ್ (ಇಇ), ಇವರ ಕೆಲಸವೂ ಸಂಬಳವೂ ಕಾರ್ಪೊರೇಟರ್ ಇದ್ದಾಗ ಎಷ್ಟೋ ಈಗಲೂ ಅಷ್ಟೇ. ಚುನಾವಣೆ ಆಗದಿರುವುದು ಅವರಿಗೆ ನೆಪ ಆಗಲಾರದು.

‘ಎಲೆಕ್ಷನ್ ಆಗಲಿ’ ಅಂದ ಶಾಸಕರ ಕಚೇರಿಯ ಮಾತು. ನಿಮ್ಮ ಬೀದಿಯ ರಸ್ತೆ ನೋಡಿಕೊಳ್ಳುವ ನೇರ ಜವಾಬ್ದಾರಿ ಶಾಸಕರದಲ್ಲ. ಅವರ ಕೈಯಲ್ಲಿ ಇರುವುದು ವರ್ಷಕ್ಕೆ 2 ಕೋಟಿಯ ಕ್ಷೇತ್ರಾಭಿವೃದ್ಧಿ ನಿಧಿ, ಅದು ಇಡೀ ಕ್ಷೇತ್ರಕ್ಕೆ. ಅದರ ಜೊತೆಗೆ ಸರ್ಕಾರದ ವಿಶೇಷ ಅನುದಾನ ಯಾವ ರಸ್ತೆಗೆ ಹೋಗಬೇಕು ಅನ್ನುವಲ್ಲಿ ಅವರ ಮಾತು ನಡೆಯುತ್ತದೆ. ಕೌನ್ಸಿಲ್ ಇಲ್ಲದ ವರ್ಷಗಳಲ್ಲಿ ಆ ಮಾತಿನ ತೂಕ ಬಹಳ ಜಾಸ್ತಿ ಆಗಿದೆ. ಹಾಗಾಗಿ ಅವರ ಹತ್ತಿರ ಹೋಗುವುದು ತಪ್ಪಲ್ಲ. ಆದರೆ ಕಂದಕ ಮುಚ್ಚಲು ಅನುದಾನ ಬೇಡಿದರೆ, ಒಮ್ಮೆ ದುಡ್ಡು ಕೊಟ್ಟಾಗಿರುವ ಕೆಲಸಕ್ಕೆ ಇನ್ನೊಮ್ಮೆ ದುಡ್ಡು ಬೇಡಿದ ಹಾಗೆ. ಪೂರ್ತಿ ರಸ್ತೆ ಬೇಕಾದಾಗ ಅವರನ್ನು ಕೇಳಿ.

‘ಐದು ಪಾಲಿಕೆ ಆಯಿತು, ಹಳೇದೆಲ್ಲ ಹೋಯಿತು.’ ಇದು ಸುಳ್ಳು. 2025ರ ಸೆಪ್ಟೆಂಬರ್ 2ರಂದು ಬಿಬಿಎಂಪಿ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು. ಅದರ ಕೆಳಗೆ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಅಂತ ಐದು ನಗರ ಪಾಲಿಕೆ. ವಾರ್ಡುಗಳು ಎಲ್ಲ ಸೇರಿ 369. ಬೋರ್ಡ್ ಬದಲಾಯಿತು, ಕಮಿಷನರ್ ಐದು ಜನ ಆದರು. ಹಳೇ ಗುತ್ತಿಗೆ, ಹಳೇ ಠೇವಣಿ, ಹಳೇ ಜವಾಬ್ದಾರಿ ಹೊಸ ಪಾಲಿಕೆಗೆ ಹಾಗೇ ಬರುತ್ತವೆ. ಮನೆ ಮಾರಿದರೆ ಸಾಲ ಬೇರೆಯವರಿಗೆ ಹೋಗಬಹುದು, ಬಾಗಿಲಿಗೆ ಬಣ್ಣ ಹೊಡೆಸಿದರೆ ಹೋಗಲ್ಲವಲ್ಲ. ಆದರೆ ಒಂದು ನಿಜವಾದ ಅಪಾಯ ಇದೆ. ಕಚೇರಿ ಹಂಚಿಕೆ ಆಗುವಾಗ ಕಡತಗಳು ಮೂಟೆ ಕಟ್ಟಿ ಹೋಗುತ್ತವೆ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಮತ್ತು ನಿಮ್ಮ 110 ಹಳ್ಳಿಗಳನ್ನು ಸೇರಿಸಿದಾಗ ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಕೋಣೆಯ ತುಂಬ ಹಗ್ಗ ಕಟ್ಟಿದ ಕಡತ, ಮೇಲಿನ ಚೀಟಿಗಳನ್ನೆಲ್ಲ ಇಲಿ ತಿಂದಿತ್ತು. ಅದಕ್ಕೇ ಹೇಳುವುದು, ನಿಮ್ಮ ಕಾಗದದ ನಕಲು ಬೇಗ ತೆಗೆದುಕೊಳ್ಳಿ.

‘ಬಿ ಖಾತಾದವರಿಗೆ ಹಕ್ಕಿಲ್ಲ.’ ಇದನ್ನು ಹೇಳಿದವರು ಸುಮ್ನೆ ಹೆದರಿಸಿದ್ದಾರೆ. ಖಾತಾ ಅಂದರೆ ತೆರಿಗೆಗಾಗಿ ಪಾಲಿಕೆ ಇಟ್ಟ ಆಸ್ತಿಯ ದಾಖಲೆ, ಅನುಮೋದನೆ ಸರಿಯಾಗಿ ಇಲ್ಲದ ಆಸ್ತಿಗಳದು ಬಿ ಖಾತಾ. ಅದು ನಿಮ್ಮ ಸೈಟಿನದು, ರಸ್ತೆಯದಲ್ಲ. ಬಿ ಖಾತಾದಿಂದ ಮನೆ ಕಟ್ಟುವ ನಕ್ಷೆ ಮಂಜೂರಾತಿಗೆ, ಬ್ಯಾಂಕ್ ಸಾಲಕ್ಕೆ ತೊಂದರೆ ಆಗುತ್ತದೆ. ಬಡಾವಣೆಗೆ ಅನುಮೋದನೆ ಇಲ್ಲದಿದ್ದರೆ ರಸ್ತೆಯ ಜಾಗವನ್ನು ಕಾಗದದಲ್ಲಿ ಪಾಲಿಕೆಗೆ ಬಿಟ್ಟುಕೊಟ್ಟಿರುವುದಿಲ್ಲ, ಅದೂ ನಿಜ. ಹೊಸ ಡಾಂಬರು ಕೇಳುವಾಗ ಅದು ಅಡ್ಡ ಬರಬಹುದು. ಆದರೆ ಸರ್ಕಾರಿ ದುಡ್ಡಿನಲ್ಲಿ ಅಗೆಯಲು ಆ ಬೀದಿ ಆಗುತ್ತದೆ, ಮುಚ್ಚಲು ಆಗಲ್ಲ ಅಂದರೆ ಹೇಗೆ? ಈಗ ಬಿ ಖಾತಾವನ್ನು ಎ ಖಾತಾ ಮಾಡಿಕೊಡುವ ಯೋಜನೆ ಬಂದಿದೆಯಲ್ಲ, ಅದನ್ನೂ ಇದಕ್ಕೆ ಗಂಟು ಹಾಕುವ ಬ್ರೋಕರ್‌ಗಳಿದ್ದಾರೆ. ‘ಮೊದಲು ಎ ಖಾತಾ ಮಾಡಿಸಿ, ರಸ್ತೆ ತಾನಾಗಿ ಬರುತ್ತೆ’ ಅಂತ. ಖಾತಾ ಬೇಕಾದರೆ ಖಾತಾಕ್ಕಾಗಿ ಮಾಡಿಸಿ. ರಸ್ತೆಗಾಗಿ ಅವರ ಕೈಗೆ ಒಂದು ರೂಪಾಯಿ ಕೊಡಬೇಡಿ.

ಇನ್ನು ನಿಮ್ಮ ಸಂಘದ ಎರಡು ಗುಂಪು.

ತೆರಿಗೆ ನಿಲ್ಲಿಸೋಣ ಅನ್ನುವವರಿಗೆ ನನ್ನ ಉತ್ತರ ಚಿಕ್ಕದು: ಬೇಡ. ಬಾಕಿಗೆ ಬಡ್ಡಿ, ದಂಡ ಸೇರುತ್ತದೆ. ನಾಳೆ ಇ-ಖಾತಾ, ಮಾರಾಟ, ಸಾಲ ಅಂತ ಹೋದಾಗ ಅದೇ ಬಾಕಿ ಕಾಲಿಗೆ ತೊಡರುತ್ತದೆ. ಪಾಲಿಕೆಗೆ ಅರವತ್ತು ಮನೆಯ ತೆರಿಗೆ ಬರದಿದ್ದರೆ ಯಾರಿಗೂ ನಿದ್ದೆ ಕೆಡುವುದಿಲ್ಲ.

ನಾವೇ ಕಾಂಕ್ರೀಟ್ ಹಾಕಿಸೋಣ ಅನ್ನುವವರ ಮೇಲೆ ನನಗೆ ಗೌರವ ಇದೆ. ಒಂಬತ್ತು ಲಕ್ಷ ಕೈಯಿಂದ ಹಾಕಲು ತಯಾರಾಗಿದ್ದಾರೆ ಅಂದರೆ ಎಷ್ಟು ಬೇಸತ್ತಿರಬೇಕು. ಆದರೂ ತಡೆಯುತ್ತೇನೆ. ಸಡಿಲ ಮಣ್ಣಿನ ಮೇಲೆ ಕಾಂಕ್ರೀಟ್ ಹಾಕಿದರೆ ಅದು ಸೇತುವೆ ಥರ ಒಂದು ವರ್ಷ ನಿಂತು, ಕೆಳಗೆ ಪೊಳ್ಳಾಗಿ, ಒಂದು ದಿನ ನೀರಿನ ಟ್ಯಾಂಕರ್ ಭಾರಕ್ಕೆ ಸೀಳುತ್ತದೆ. ಹಳೇ ಡಾಂಬರಿನ ಮೇಲೇ ಆರಿಂಚು ಸುರಿದರೆ ರಸ್ತೆ ಮೇಲೇರಿ, ಮಳೆನೀರು ನಿಮ್ಮ ಗೇಟಿನೊಳಕ್ಕೆ ಬರುತ್ತದೆ. ಮನೆ ಸಂಪರ್ಕ ಬಾಕಿ ಇದ್ದರೆ ನಿಮ್ಮ ದುಡ್ಡಿನ ಕಾಂಕ್ರೀಟನ್ನೇ ಮತ್ತೆ ಒಡೆಯುತ್ತಾರೆ. ಅನುಮತಿ ಇಲ್ಲದೆ ಸಾರ್ವಜನಿಕ ರಸ್ತೆ ಮುಟ್ಟುವುದು ಕಾನೂನಿಗೂ ಸರಿಯಲ್ಲ. ಇದೆಲ್ಲಕ್ಕಿಂತ ನನಗೆ ಭಯ ಇನ್ನೊಂದು. ನೀವು ಹಾಕಿದ ರಸ್ತೆಯ ಫೋಟೋ ತೋರಿಸಿ ಬೇರೆ ಯಾರೋ ಬಿಲ್ ಮಾಡಿಕೊಳ್ಳುವುದು ಆಗದ ಮಾತೇನಲ್ಲ. ಇಷ್ಟು ಹೇಳಿದ ಮೇಲೆ ನಾನು ಬೇರೇನೂ ಹೇಳಬೇಕಾಗಿಲ್ಲ. ತೀರಾ ಓಡಾಡಲು ಆಗದಿದ್ದರೆ, ಕುಸಿದ ಕಡೆ ಮಾತ್ರ ಒಂದೆರಡು ಲೋಡ್ ಕಲ್ಲುಪುಡಿ ಮತ್ತು ಜಲ್ಲಿ ಹಾಕಿಸಿ ತಾತ್ಕಾಲಿಕವಾಗಿ ಮುಚ್ಚಿ. ಮುಚ್ಚುವ ಮುಂಚೆ ಫೋಟೋ ತೆಗೆಯಿರಿ. ಬಿಲ್ ಇಟ್ಟುಕೊಳ್ಳಿ.

ಫೋಟೋ ಅಂದೆನಲ್ಲ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರುವ ಗುಂಡಿಯ ಫೋಟೋಗಳನ್ನು ನೋಡಿದ್ದೇನೆ. ಬರೀ ಗುಂಡಿ ಇರುತ್ತದೆ, ಅದು ಬಳ್ಳಾರಿಯದೋ ಬೇಗೂರಿನದೋ ಗೊತ್ತಾಗಲ್ಲ. ಫೋಟೋದಲ್ಲಿ ವಿದ್ಯುತ್ ಕಂಬದ ಮೇಲೆ ಬರೆದಿರುವ ನಂಬರ್ ಕಾಣಬೇಕು. ಗುಂಡಿಯೊಳಗೆ ಒಂದು ಸ್ಕೇಲನ್ನೋ ಒಂದು ಲೀಟರ್ ನೀರಿನ ಬಾಟಲಿಯನ್ನೋ ನಿಲ್ಲಿಸಿ, ಆಳ ಎಷ್ಟು ಅಂತ ಎದುರಿನವರಿಗೆ ಹೇಳಬೇಕಾಗುವುದಿಲ್ಲ. ಎಂಜಿನಿಯರಿಗೆ ಕಂಬದ ನಂಬರ್ ಕೊಟ್ಟರೆ ‘ಜಾಗ ಪತ್ತೆಯಾಗಿಲ್ಲ’ ಅಂತ ಬರೆಯಲು ಆಗುವುದಿಲ್ಲ.

ಆ ಫೋಟೋ ಇಟ್ಟುಕೊಂಡು ಮೊದಲು ದೂರು ದಾಖಲಿಸಿ. ಪಾಲಿಕೆಗೆ 1533, ಜಲಮಂಡಳಿಗೆ 1916, ರಾಜ್ಯ ಸರ್ಕಾರದ ಜನಸ್ಪಂದನಕ್ಕೆ 1902. ಎರಡು ಕಡೆ ಒಂದೇ ದಿನ ಹಾಕಿ. ದೂರು ‘ಕ್ಲೋಸ್ಡ್’ ಅಂತ ಬಂದರೆ ಎಲ್ಲ ಮೋಸ ಅಂದುಕೊಂಡು ಕೈ ಚೆಲ್ಲಬೇಡಿ. ಬಹಳ ಸಲ ಅದರ ಅರ್ಥ ‘ನಮ್ಮದಲ್ಲ, ಅವರಿಗೆ ಕಳಿಸಿದೆ’ ಅಂತ ಅಷ್ಟೇ. ಆ ಟಿಪ್ಪಣಿ ನಿಮಗೆ ಚಿನ್ನ. ಯಾರು ಯಾರ ಮೇಲೆ ಹಾಕಿದರು ಅನ್ನುವುದು ಈಗ ಬರಹದಲ್ಲಿ ಸಿಕ್ಕಿತು. ಸ್ಕ್ರೀನ್‌ಶಾಟ್ ತೆಗೆದಿಡಿ. ಅರವತ್ತು ಮನೆಯಲ್ಲಿ ಒಬ್ಬರೇ ದೂರು ಹಾಕಿ ಉಳಿದವರು ಗುಂಪಿನಲ್ಲಿ ಸಿಟ್ಟಿನ ಮುಖ ಒತ್ತಿದರೆ ಲೆಕ್ಕಕ್ಕೆ ಒಂದೇ ದೂರು.

ಆಮೇಲೆ ಆ ಅನುಮತಿ ಕಾಗದ ಕೇಳಿ ಮಾಹಿತಿ ಹಕ್ಕು ಅರ್ಜಿ, ಅದರ ಒಕ್ಕಣೆ ಕೊನೆಯಲ್ಲಿ ಕೊಟ್ಟಿದ್ದೇನೆ. ನನ್ನ ಪ್ರಕಾರ ನಿಮ್ಮ ಕೈಯಲ್ಲಿರುವ ಒಳ್ಳೆಯ ಆಯುಧ ಇದೇ, ಖರ್ಚು 10 ರೂಪಾಯಿ. ಯಾಕೆ ಅಂದರೆ ಆ ಕಾಯ್ದೆಯ 6(3)ರಲ್ಲಿ ಒಂದು ಸೊಗಸಾದ ಸಾಲಿದೆ. ಮಾಹಿತಿ ಬೇರೆ ಕಚೇರಿಯದಾದರೆ, ಅರ್ಜಿ ಪಡೆದವರೇ ಐದು ದಿನದೊಳಗೆ ಅದನ್ನು ಆ ಕಚೇರಿಗೆ ಕಳಿಸಿ ನಿಮಗೆ ತಿಳಿಸಬೇಕು. ಒಂದು ವರ್ಷ ನೀವು ಓಡಾಡಿದ ದಾರಿಯಲ್ಲಿ ಈಗ ಕಾಗದ ಓಡಾಡುತ್ತದೆ, ನೀವು ಮನೆಯಲ್ಲಿ ಇರುತ್ತೀರಿ. ಉತ್ತರಕ್ಕೆ 30 ದಿನ. ಬರದಿದ್ದರೆ ಅದೇ ಇಲಾಖೆಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ. ಹೆಚ್ಚಿನ ಕಡೆ ಇಲ್ಲೇ ಕಾಗದ ಹೊರಗೆ ಬರುತ್ತದೆ. ಎರಡನೇ ಮೇಲ್ಮನವಿ ಮಾಹಿತಿ ಆಯೋಗಕ್ಕೆ, ಅಲ್ಲಿ ಸರದಿ ಉದ್ದ, ಅದನ್ನು ನಂಬಿಕೊಂಡು ಕೂರಬೇಡಿ. ಅರ್ಜಿಯ ಅಪಾಯ ಒಂದೇ, ನಿಮ್ಮ ಹೆಸರು ಆಫೀಸಿನಲ್ಲಿ ಗೊತ್ತಾಗುತ್ತದೆ. ‘ಯಾಕೆ ಮೇಡಂ ಬರೆದು ಕೊಟ್ಟಿರಿ, ಒಂದು ಫೋನ್ ಮಾಡಿದ್ದರೆ ಸಾಕಿತ್ತಲ್ಲ’ ಅಂತ ಯಾರಾದರೂ ಬರುತ್ತಾರೆ. ಅವರಿಗೆ ಕಾಫಿ ಕೊಡಿ, ಅರ್ಜಿ ಹಿಂದೆ ತೆಗೆದುಕೊಳ್ಳಬೇಡಿ. ಇಬ್ಬರು ಮೂವರು ಬೇರೆ ಬೇರೆ ಮನೆಯವರು ಅರ್ಜಿ ಹಾಕಿದರೆ ಒಬ್ಬರ ಮೇಲೇ ಕಣ್ಣು ಬೀಳುವುದಿಲ್ಲ.

ಇದರ ಜೊತೆಗೆ ಇನ್ನೊಂದು ಪ್ರತ್ಯೇಕ ಅರ್ಜಿಯಲ್ಲಿ ನಿಮ್ಮ ಬೀದಿಯ ‘ರೋಡ್ ಹಿಸ್ಟರಿ’ ಕೇಳಿ. ಯಾವ ವರ್ಷ ಯಾವ ಜಾಬ್ ಕೋಡ್‌ನಲ್ಲಿ (ಕಾಮಗಾರಿಗೆ ಕೊಟ್ಟ ನಂಬರ್) ಈ ರಸ್ತೆಗೆ ಎಷ್ಟು ಖರ್ಚಾಗಿದೆ, ಯಾವ ಕೆಲಸದ ದೋಷ ಹೊಣೆ ಅವಧಿ ಇನ್ನೂ ಬಾಕಿ ಇದೆ ಅಂತ. ಆಫೀಸಿನಲ್ಲಿ ಇದನ್ನು ಡಿಎಲ್‌ಪಿ ಅಂತಾರೆ. ಆ ಅವಧಿಯೊಳಗೆ ಕೆಟ್ಟದ್ದನ್ನು ಗುತ್ತಿಗೆದಾರನೇ ಬಿಟ್ಟಿ ಸರಿ ಮಾಡಬೇಕು, ಅದಕ್ಕೇ ಅವನ ದುಡ್ಡು ಸ್ವಲ್ಪ ಹಿಡಿದಿರುತ್ತಾರೆ. ಸಾರ್ವಜನಿಕ ದುಡ್ಡು ಹಿಂದೆ ಒಮ್ಮೆ ಬಿದ್ದಿದೆ ಅಂತ ಸಿಕ್ಕರೆ, ‘ಇದು ನಮ್ಮ ರಸ್ತೆಯೇ ಅಲ್ಲ’ ಅನ್ನುವ ಬಾಯಿಯೂ ಮುಚ್ಚುತ್ತದೆ. ಕೆಲವೊಮ್ಮೆ ನೀವು ಕಾಣದೇ ಇದ್ದ ಡಾಂಬರೂ ಆ ಕಾಗದದಲ್ಲಿ ಕಾಣಿಸಬಹುದು. ಅಂಥದ್ದು ಸಿಕ್ಕರೆ ಗುಂಪಿನಲ್ಲಿ ಹಂಚುವ ಮುಂಚೆ ಒಬ್ಬ ವಕೀಲರಿಗೆ ತೋರಿಸಿ. ಲೋಕಾಯುಕ್ತಕ್ಕೆ ಹೋಗುವ ದಾರಿ ಅದು, ಪ್ರಮಾಣಪತ್ರ ಮಾಡಿಕೊಟ್ಟು ಹೋಗಬೇಕು. ಊಹೆಯ ಮೇಲೆ ಹೋದರೆ ತಿರುಗಿ ಬೀಳುತ್ತದೆ.

ಕಾಗದ ಬಂದ ಮೇಲೂ ಕೆಲಸ ಆಗದಿದ್ದರೆ ಖಾಯಂ ಲೋಕ ಅದಾಲತ್ ಇದೆ. ಆಗಾಗ ನಡೆಯುವ ಲೋಕ ಅದಾಲತ್ ಅಲ್ಲ, ಸಾರ್ವಜನಿಕ ಸೇವೆಗಳಿಗೆ ಅಂತಲೇ ಇರುವುದು, ಬೆಂಗಳೂರಿನಲ್ಲೂ ಇದೆ. ಕೋರ್ಟ್ ಶುಲ್ಕ ಇಲ್ಲ. ರಾಜಿ ಆಗದಿದ್ದರೆ ಅದೇ ತೀರ್ಪನ್ನೂ ಕೊಡಬಹುದು. ನೀರು, ನೈರ್ಮಲ್ಯ ಅದರ ವ್ಯಾಪ್ತಿಯಲ್ಲಿ ನೇರವಾಗಿ ಬರುತ್ತವೆ. ಬರೀ ಡಾಂಬರಿನ ದೂರಾದರೆ ತಕರಾರು ತೆಗೆಯಬಹುದು. ಹಾಗಾಗಿ ನಿಮ್ಮ ಕಂದಕದಲ್ಲಿರುವುದು ನೀರಿನ ಅಥವಾ ಒಳಚರಂಡಿಯ ಪೈಪ್ ಅಂತ ಕಾಗದದಿಂದ ಖಚಿತವಾದರೆ ಈ ದಾರಿ ಬಲವಾಗುತ್ತದೆ. ಮಾವನವರ ಆಸ್ಪತ್ರೆಯ ಚೀಟಿ, ಎಕ್ಸ್‌ರೇ, ಬಿದ್ದ ಜಾಗದ ಫೋಟೋ ಎಲ್ಲ ಒಂದು ಕವರಿನಲ್ಲಿ ಇಡಿ. ಬಿದ್ದದ್ದನ್ನು ನೋಡಿದವರು ಯಾರಾದರೂ ಇದ್ದರೆ ಈಗಲೇ ನಾಲ್ಕು ಸಾಲು ಬರೆಸಿಕೊಂಡು ಸಹಿ ಹಾಕಿಸಿಕೊಳ್ಳಿ. ಹೈಕೋರ್ಟ್‌ಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಅನ್ನುವವರೂ ನಿಮ್ಮಲ್ಲಿ ಇರುತ್ತಾರೆ. ಒಂದು ಕ್ರಾಸ್‌ಗೆ ಅದು ಜಾಸ್ತಿಯಾಯಿತು.

ಒಂದು ಆಫೀಸಿನ ಗುಟ್ಟು ಹೇಳಿಬಿಡುತ್ತೇನೆ. ನಮ್ಮಲ್ಲಿ ಡಾಂಬರಿನ ಕೆಲಸ ನಡೆಯುವುದು ಮಳೆ ನಿಂತ ಮೇಲೆ, ಬಿಲ್ಲುಗಳ ಗಡಿಬಿಡಿ ಶುರುವಾಗುವುದು ಮಾರ್ಚ್ ಹತ್ತಿರ ಬಂದಾಗ. ಡಿಸೆಂಬರ್, ಜನವರಿಯಲ್ಲಿ ಕೊಟ್ಟ ಅರ್ಜಿಗೆ ಇರುವ ಬೆಲೆ ಜೂನ್‌ನಲ್ಲಿ ಕೊಟ್ಟದ್ದಕ್ಕೆ ಇರಲ್ಲ. ನೀವು ಸರಿಯಾದ ಹೊತ್ತಿಗೇ ಬರೆದಿದ್ದೀರಿ.

ಅರ್ಜಿಯ ಒಕ್ಕಣೆ ಹೀಗಿರಲಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ವಿಳಾಸ: ನಿಮ್ಮ ಭಾಗದ ಪಾಲಿಕೆಯ ಕಾರ್ಯಪಾಲಕ ಎಂಜಿನಿಯರ್ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿ.

‘ಇಂಥ ಬಡಾವಣೆಯ ಇಂಥ ಅಡ್ಡರಸ್ತೆಯಲ್ಲಿ, ಇಷ್ಟನೇ ನಂಬರಿನ ವಿದ್ಯುತ್ ಕಂಬದಿಂದ ಇಷ್ಟನೇ ನಂಬರಿನ ಕಂಬದವರೆಗೆ, 2024ರ ಅಕ್ಟೋಬರ್ 1ರಿಂದ ಇಂದಿನವರೆಗೆ ರಸ್ತೆ ಅಗೆಯಲು ನೀಡಿದ ಎಲ್ಲ ಅನುಮತಿ ಪತ್ರಗಳ ದೃಢೀಕೃತ ನಕಲು, ರಸ್ತೆ ಮರುನಿರ್ಮಾಣಕ್ಕೆ ಕಟ್ಟಿಸಿಕೊಂಡ ಶುಲ್ಕದ ರಸೀದಿಯ ನಕಲು, ಮರುನಿರ್ಮಾಣ ಆಗಿದೆ ಎಂದು ದಾಖಲಿಸಿದ್ದರೆ ಅದರ ಅಳತೆ ಪುಸ್ತಕದ ಸಂಬಂಧಿತ ಪುಟಗಳ ನಕಲು ಕೊಡಿ. ಅನುಮತಿ ನೀಡಿಲ್ಲದಿದ್ದರೆ ಹಾಗೆಂದು ಲಿಖಿತವಾಗಿ ತಿಳಿಸಿ. ಕಾಮಗಾರಿಯ ಜಾಗವನ್ನು ಖುದ್ದಾಗಿ ಪರಿಶೀಲಿಸಲು ಕಾಯ್ದೆಯ ಕಲಂ 2(ಜೆ) ಪ್ರಕಾರ ದಿನಾಂಕ ನಿಗದಿ ಮಾಡಿ. ಮಾಹಿತಿ ಬೇರೆ ಪ್ರಾಧಿಕಾರದಲ್ಲಿದ್ದರೆ ಕಲಂ 6(3)ರಂತೆ ವರ್ಗಾಯಿಸಿ.’

‘ಯಾಕೆ ಮುಚ್ಚಿಲ್ಲ’ ಅಂತ ಮಾತ್ರ ಬರೆಯಬೇಡಿ. ‘ಯಾಕೆ’ ಅನ್ನುವುದು ಮಾಹಿತಿ ಅಲ್ಲ ಅಂತ ಒಂದೇ ಸಾಲಿನಲ್ಲಿ ತಳ್ಳಿಬಿಡುತ್ತಾರೆ. ನಾನೂ ತಳ್ಳಿದ್ದೇನೆ. ಅಂಚೆಯಲ್ಲಿ ಕಳಿಸಿದರೆ ರಸೀದಿ ಇಟ್ಟುಕೊಳ್ಳಿ. ಕೈಯಲ್ಲಿ ಕೊಟ್ಟರೆ ಒಂದು ಝೆರಾಕ್ಸ್ ಮೇಲೆ ಸೀಲ್, ತಾರೀಕು, ಸಹಿ ಹಾಕಿಸಿಕೊಂಡೇ ಬನ್ನಿ. ‘ಸೀಲ್ ಇರುವವರು ಊಟಕ್ಕೆ ಹೋಗಿದ್ದಾರೆ’ ಅಂದರೆ ಅಲ್ಲೇ ಬೆಂಚಿನ ಮೇಲೆ ಕೂತಿರಿ, ಊಟ ಮುಗಿಸಿ ಬರುತ್ತಾರೆ.